ಅಂಗನವಾಡಿ ತಿರುವಿನ ಕೆಂಪು ಟಿಕಳಿ

ಅಂಬೇವಾಡಿಯ ಅಂಗನವಾಡಿ ಟೀಚರ್ ದ್ರಾಕ್ಷಾಯಣಿ ಜನ ಸೇರಿಸುವುದರಲ್ಲಿ ಎತ್ತಿದ ಕೈ. ಪೋಲಿಯೋ ಹನಿಯಿರಲಿ, ಮತದಾರರ ಪಟ್ಟಿಯಿರಲಿ, ಅವಳು ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದರೆ ಹೆಂಗಸರು ಒಲೆ ಆರಿಸಿ ಹೊರಡುತ್ತಿದ್ದರು. ಹಾಗಾಗಿ ಓಣಿಗಳಲ್ಲಿ ಗಾಡಿಗಳ ಓಟಕ್ಕೆ ಕಡಿವಾಣ ಹಾಕುವ ಯೋಜನೆ ಬಂದಾಗ ನಗರಸಭೆಯ ಎಂಜಿನಿಯರ್ ಮೌನೇಶ ಮೊದಲು ಹುಡುಕಿಕೊಂಡು ಬಂದದ್ದು ಅವಳನ್ನೇ.

"ಈ ಸಲ ನಾವು ಆಫೀಸಿನ್ಯಾಗ ಕುಂತು ನಕ್ಷಾ ಬರಿಯೂದಿಲ್ರಿ ಅಕ್ಕೋರ," ಅಂದ. "ಎಲ್ಲಿ ಹಂಪ್ ಬೇಕು, ಎಲ್ಲಿ ರಸ್ತಾ ಸಣ್ಣದು ಮಾಡಬೇಕು, ಜನಾನ ಹೇಳ್ಲಿ. ಅವರು ಹೇಳಿದಲ್ಲೇ ಮಾಡ್ತೇವಿ."

ದ್ರಾಕ್ಷಾಯಣಿಗೆ ಬೇಕಾಗಿದ್ದದ್ದು ಒಂದೇ ಒಂದು ಹಂಪ್, ಅಂಗನವಾಡಿಯ ಮುಂದಿನ ತಿರುವಿನಲ್ಲಿ. ವಾರವಿಡೀ ನೀಲಗಿರಿ ದಿಮ್ಮಿ ಹೇರಿದ ಲಾರಿಗಳು, ಶನಿವಾರ ಬಂತೆಂದರೆ ರಾಫ್ಟಿಂಗಿಗೆ ಹೊರಟ ಕಾರುಗಳು, ಎಲ್ಲವೂ ಮುಖ್ಯ ರಸ್ತೆಯ ಗದ್ದಲ ತಪ್ಪಿಸಲು ಆ ಓಣಿಗೇ ನುಗ್ಗುತ್ತಿದ್ದವು. ಇಪ್ಪತ್ತೆರಡು ಮಕ್ಕಳನ್ನು ದಿನಾ ಎರಡು ಸಲ ಆ ತಿರುವು ದಾಟಿಸುವಾಗ ಅವಳ ಜೀವ ಬಾಯಿಗೆ ಬರುತ್ತಿತ್ತು.

ಸಭೆಯ ದಿನ ಸಮುದಾಯ ಭವನದ ಗೋಡೆಗೆ ಬಡಾವಣೆಯ ದೊಡ್ಡ ನಕ್ಷೆ ಅಂಟಿಸಿದ್ದರು. ಮೌನೇಶ ಒಬ್ಬೊಬ್ಬರ ಕೈಗೂ ಮೂರು ಮೂರು ಕೆಂಪು ಸ್ಟಿಕರ್ ಕೊಟ್ಟ. ಹಣೆಗೆ ಹಚ್ಚುವ ಟಿಕಳಿಯಷ್ಟೇ ಗಾತ್ರ, ಹೆಂಗಸರು ಅದನ್ನು ಟಿಕಳಿ ಅಂತಲೇ ಕರೆದರು. "ಎಲ್ಲೆ ಅಪಘಾತ ಆಗಬಹುದು ಅನಸ್ತೈತಿ, ಅಲ್ಲೆ ಹಚ್ರಿ," ಅಂದ ಮೌನೇಶ.

ಪಾಪ, ಓದಿದವನು, ಸುಲಭ ಮಾಡಿದೆ ಅಂದುಕೊಂಡ. ಮಗು "ನಾ ಬೀಳ್ತೇನಿ" ಅಂದರೂ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುವ ತಾಯಂದಿರು ಇವರು. ತಮ್ಮ ಮನೆ ಬಾಗಿಲಿಗೆ, ತಮ್ಮ ಕೂಸು ನಡೆಯುವ ದಾರಿಗೆ, ಇಲ್ಲಿ ಅಪಘಾತ ಆಗಲಿ ಎಂಬಂತೆ ತಮ್ಮ ಕೈಯಾರೆ ಗುರುತು ಹಚ್ಚುತ್ತಾರೆಯೇ? ನೀಲಕ್ಕ ಮೂರನ್ನೂ ಒಯ್ದು ಬಸ್ ಡಿಪೋದ ಮೇಲೆ ಹಚ್ಚಿದಳು. ಅಲ್ಲಿ ಅವಳ ಪೈಕಿ ಯಾರೂ ಇರಲಿಲ್ಲ. ನಿರ್ಮಲಾ ಸ್ಮಶಾನದ ರಸ್ತೆ ಆರಿಸಿಕೊಂಡಳು. ಸತ್ತವರಿಗೆ ಹೊಸದಾಗಿ ಆಗಬೇಕಾದದ್ದು ಏನೂ ಇಲ್ಲವಲ್ಲ. ಅರ್ಧ ಗಂಟೆಯಲ್ಲಿ ಆ ರಸ್ತೆಗೆ ದಡಾರ ಎದ್ದಂತಾಯಿತು. ದ್ರಾಕ್ಷಾಯಣಿಯ ಮೂರೂ ಇನ್ನೂ ಅವಳ ಕೈಯಲ್ಲೇ ಇದ್ದವು.

ಆಗ ಕ್ರಿಸ್ತಿನಾ ಬಂದಳು. ಹಳಿಯಾಳದ ಆಚೆಯ ಸಿದ್ದಿಯರ ಊರಿನವಳು, ರೆಸಾರ್ಟೊಂದರಲ್ಲಿ ಕೋಣೆ ಗುಡಿಸುವ ಕೆಲಸ. ಅವಳ ನಾಲ್ಕು ವರ್ಷದ ಮಗಳು ಪೂನಂ ಅಂಗನವಾಡಿಗೆ ಬರುತ್ತಿದ್ದಳು. ಕ್ರಿಸ್ತಿನಾ ನಕ್ಷೆಯನ್ನು ಒಂದು ಕ್ಷಣ ನೋಡಿ, ಅಂಗನವಾಡಿಯ ತಿರುವು ಹುಡುಕಿ, ಹೆಬ್ಬೆಟ್ಟಿನಿಂದ ಒಂದು ಟಿಕಳಿ ಒತ್ತಿದಳು.

"ಏನ ಮಾಡಿದೆವ್ವ ಕ್ರಿಸ್ತಿನಾ," ಅಂದಳು ನೀಲಕ್ಕ. "ಬಿಡ್ತು ಅನ್ನು. ಕೂಸುಗಳು ಇರೋ ಜಾಗಾ ಅದು."

"ಗಾಡಿ ಅಲ್ಲೇ ಜೋರ ಬರ್ತಾವಲ್ಲ ನೀಲಕ್ಕ. ಅದಕ್ಕ ಹಚ್ಚೇನಿ," ಎಂದು ಹೇಳಿ ಅವಳು ಕೆಲಸಕ್ಕೆ ತಡವಾಯಿತೆಂದು ಹೊರಟುಹೋದಳು.

ಅವಳ ಬೆನ್ನ ಹಿಂದೆ ಗುಸುಗುಸು ಎದ್ದಿತು. "ಅದು ಅಲ್ಲೇ ಇದ್ರ ನನ್ನ ಮಗನ್ನ ನಾಳಿಂದ ಕಳಸೂದಿಲ್ರಿ ಅಕ್ಕೋರ," ಅಂದಳು ನಿರ್ಮಲಾ. ಇನ್ನೂ ಮೂವರು ಹೌದೆಂದು ತಲೆಯಾಡಿಸಿದರು.

ಕ್ರಿಸ್ತಿನಾ ಮಾಡಿದ್ದೇ ಸರಿ ಎಂದು ದ್ರಾಕ್ಷಾಯಣಿಗೆ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಗಳಿಸಿದ ಓಣಿಯ ವಿಶ್ವಾಸವನ್ನು ಒಂದು ಟಿಕಳಿಗಾಗಿ ಕಳೆದುಕೊಳ್ಳುವುದೇ? ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ, ನಿಜ ಹೇಳಬೇಕೆಂದರೆ ಮಕ್ಕಳ ಜಾಗದ ಮೇಲಿನ ಆ ಕೆಂಪು ಅವಳಿಗೂ ಅಪಶಕುನದಂತೆ ಕಂಡಿತ್ತು. ಮೌನೇಶ ಚಹಾ ಕುಡಿಯಲು ಹೊರಗೆ ಹೋದಾಗ ಉಗುರಿನಿಂದ ಅದನ್ನು ಮೆಲ್ಲಗೆ ಕಿತ್ತು ಡಿಪೋದ ಮೇಲೆ ಹಚ್ಚಿದಳು. ಕಾಗದದ ಮೇಲೆ ಯಾಕೆ, ಬಾಯಲ್ಲಿ ಹೇಳಿದರಾಯಿತು ಅಂದುಕೊಂಡಳು. ಅವನು ಒಳಬಂದ ಮೇಲೆ ತಿರುವಿಗೊಂದು ಹಂಪ್ ಬೇಕೆಂದು ಹೇಳಿದಳು ಕೂಡ. "ಆತ್ರಿ, ನೋಡೂಣು," ಎಂದು ಮೌನೇಶ ನಕ್ಷೆಯ ಫೋಟೋ ತೆಗೆದುಕೊಂಡು ಹೋದ.

ಎರಡು ತಿಂಗಳಲ್ಲಿ ಹಂಪ್‌ಗಳು ಬಂದವು. ಸ್ಮಶಾನದ ರಸ್ತೆಗೆ ನಾಲ್ಕು, ಡಿಪೋದ ಹತ್ತಿರ ಮೂರು. ತಿರುವಿಗೆ ಒಂದೂ ಇಲ್ಲ. ದ್ರಾಕ್ಷಾಯಣಿ ಓಡಿಹೋಗಿ ಕೇಳಿದರೆ ಮೌನೇಶ ಫೋಟೋ ತೋರಿಸಿದ. "ಜನ ಹಚ್ಚಿದ್ದು ಇಷ್ಟರಿ. ನನ್ನ ಮನಸಿಗೆ ಬಂದಂಗ ಮಾಡೂದಿದ್ರ ಸಭಾ ಯಾಕ ಕರೀಬೇಕಿತ್ತು?"

ಪೂನಂ ಸತ್ತದ್ದು ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂವರೆಗೆ. ದ್ರಾಕ್ಷಾಯಣಿ ಇನ್ನೊಂದು ಮಗುವನ್ನು ದಾಟಿಸುತ್ತಿದ್ದಳು. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ ಪೂನಂ ತನ್ನ ಸರದಿ ಬರುವವರೆಗೆ ಕಾಯಲಿಲ್ಲ. ತಿರುವಿನಲ್ಲಿ ಬಂದ ಕಾರು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು, ಆಸ್ಪತ್ರೆ ಮುಟ್ಟುವವರೆಗೂ ಉಸಿರು ಉಳಿಯಲಿಲ್ಲ.

ಹದಿನೈದು ದಿನ ಬಿಟ್ಟು ಮೌನೇಶ ಮತ್ತೆ ಸಭೆ ಕರೆದ. ಇಡೀ ಓಣಿ ಬಂದಿತ್ತು. ಕ್ರಿಸ್ತಿನಾ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಸಾಹೇಬ್ರ, ನಾ ಆ ಜಾಗಾಕ್ಕ ಹಚ್ಚಿದ್ನಿ. ಯಾಕ ಮಾಡಲಿಲ್ರಿ?"

ಮೌನೇಶ ಮೊಬೈಲಿನಲ್ಲಿ ಫೋಟೋ ತೆರೆದು, ದೊಡ್ಡದು ಮಾಡಿ ಅವಳ ಮುಂದೆ ಹಿಡಿದ. ಅವಳು ತಿರುವಿನ ಮೇಲೆ ಬೆರಳಾಡಿಸಿದಳು, ಬಹಳ ಹೊತ್ತು ಹುಡುಕಿದಳು. ಆಮೇಲೆ ದ್ರಾಕ್ಷಾಯಣಿಯ ಕಡೆ ತಿರುಗಿದಳು.

"ಅಕ್ಕೋರ, ನೀವು ಅಲ್ಲೇ ಇದ್ರಿ. ನಾ ಹಚ್ಚಿದ್ದು ನೋಡಿದ್ರಿ ಹೌದಿಲ್ರಿ?"

ನೀಲಕ್ಕ ನೆಲ ನೋಡಿದಳು. ನಿರ್ಮಲಾ ಸೆರಗಿನ ಅಂಚು ತಿರುವುತ್ತ ಕುಳಿತಳು. ಟಿಕಳಿ ಕಿತ್ತದ್ದು ಗೊತ್ತಿದ್ದವರು ಇವರೂ ಸೇರಿ ನಾಲ್ಕೈದು ಮಂದಿ. ದ್ರಾಕ್ಷಾಯಣಿ ಹೇಳಬೇಕಾದದ್ದು ಒಂದೇ ಮಾತು.

"ಮಂದಿ ಭಾಳ ಇದ್ದರವ್ವ," ಅಂದಳು. "ನನಗ ನೆನಪಿಲ್ಲ."

ಕ್ರಿಸ್ತಿನಾ ನಂಬಿದಳು. ಅದೇ ದ್ರಾಕ್ಷಾಯಣಿಗೆ ತಡೆಯಲಾಗದ್ದು, ಅವಳು ಒಂದು ಗಳಿಗೆಯೂ ಅನುಮಾನ ಪಡಲಿಲ್ಲ.

"ಹಂಗಾರ ನಾನ ಗಟ್ಟಿ ಒತ್ತಿಲ್ಲ," ಅಂದಳು ತನ್ನ ಹೆಬ್ಬೆರಳನ್ನೇ ನೋಡುತ್ತ. "ಕೆಲಸಕ್ಕ ಹೊತ್ತಾಗಿತ್ತು, ಅವಸರದಾಗ ಇದ್ನಿ. ಉದುರಿ ಬಿದ್ದಿರಬೇಕು. ಒಂದೀಟು ಗಟ್ಟಿ ಒತ್ತಿದ್ರ ನನ್ನ ಕೂಸು ಉಳೀತಿತ್ತು."

ಹತ್ತಿರವಿದ್ದ ದ್ರಾಕ್ಷಾಯಣಿಯೇ ಅವಳನ್ನು ಹಿಡಿದುಕೊಂಡಳು. ಕ್ರಿಸ್ತಿನಾ ಅವಳ ಹೆಗಲ ಮೇಲೆ ತಲೆಯಿಟ್ಟು, ತಪ್ಪಾಯಿತು ಅಕ್ಕೋರ, ನನ್ನಿಂದ ತಪ್ಪಾಯಿತು ಎಂದು ಅತ್ತಳು.