ಮಸುಕು ಕೋಶಗಳ ಮೃಣಾಲಬಾಯಿ

ಮೃಣಾಲಬಾಯಿ ಚೌಗುಲೆ ಯಾವುದಕ್ಕೂ ಒಪ್ಪಿಗೆ ಕೊಡುವ ಮೊದಲು ತಲೆಯನ್ನು ಕೊಂಚ ಬಲಕ್ಕೆ ವಾಲಿಸುತ್ತಾರೆ. ಮಿರಜ ಪೇಟೆಯ ಕಾಯಿಪಲ್ಲೆಯವಳು ಆ ವಾಲಿಕೆ ಕಂಡೊಡನೆ ಮಾತಿಲ್ಲದೆ ಇನ್ನೊಮ್ಮೆ ತೂಗುತ್ತಾಳೆ. ಹತ್ತಿರದ ತಮ್ಮ ಹಳ್ಳಿ ಆರಗದಿಂದ ಬಸ್ಸಿನಲ್ಲಿ ಬಂದು, ಬಿಳಿ ಕೋಟಿನ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡು, ಪ್ರಯೋಗಾಲಯದ ಸೂಕ್ಷ್ಮದರ್ಶಕದ ಮುಂದೆ ಕುಳಿತರೆ ಅಲ್ಲೂ ಅದೇ ವಾಲಿಕೆ.

ಅವರು ನೋಡುತ್ತಿದ್ದುದು ಎಚ್‌ಐವಿಯ ಕವಚ ಕಟ್ಟುವ ಪ್ರೋಟೀನನ್ನು. ಸೋಂಕು ತಗುಲಿದ ಜೀವಕೋಶವೇ ಅದನ್ನು ತಯಾರಿಸಿಕೊಡುತ್ತದೆ. ಮೊದಲು ಚದುರಿಕೊಂಡಿದ್ದ ಪ್ರೋಟೀನಿನ ಕಣಗಳು ಕೋಶದ ಅಂಚಿನ ಪೊರೆಗೆ ಹೋಗಿ, ಒಂದರ ಮಗ್ಗುಲಿಗೊಂದು ಸೇರಿ, ಪೊರೆಯನ್ನು ಉಬ್ಬಿಸಿ, ಮೊಗ್ಗಿನಂತೆ ಕಳಚಿಕೊಳ್ಳುತ್ತವೆ ಎಂಬುದು ಬಲ್ಲವರೆಲ್ಲ ಒಪ್ಪಿದ ಮಾತು. ವೈರಸ್ಸನ್ನೇ ತರದೆ, ಆ ಪ್ರೋಟೀನೊಂದಕ್ಕೇ ಹಸಿರು ಹೊಳಪು ಅಂಟಿಸಿ ಕೋಶಗಳಲ್ಲಿ ಬೆಳೆಸಿದ ಮೃಣಾಲಬಾಯಿಗೆ ಮಾತ್ರ ಕೋಶದ ನಡುವೆಯೇ ದಪ್ಪ ಗಂಟುಗಳು ಕಂಡಿದ್ದವು. ಕವಚ ಅಲ್ಲೇ ಶುರುವಾಗುತ್ತದೆ ಎಂಬ ಪ್ರಬಂಧ ಸಿದ್ಧವಾಯಿತು. ನಲವತ್ತು ದಾಟಿದ ಮೇಲೆ, ಅವರ ಹೆಸರನ್ನು ಮೊದಲಿಗಿಟ್ಟುಕೊಂಡ ಮೊದಲ ಪ್ರಬಂಧ.

ಅದನ್ನು ಪುಣೆಯ ಸಮ್ಮೇಳನಕ್ಕೆ ಕಳಿಸುವ ಮುಂಚಿನ ಭಾನುವಾರ, ಮನೆಯಲ್ಲಿ ಜೈನರ ಪದ್ಧತಿಯಂತೆ ಬಾವಿನೀರು ಸೋಸುತ್ತಿದ್ದವರು ಏನೋ ಯೋಚನೆಯಲ್ಲಿ ಬಟ್ಟೆಯನ್ನು ಮೋರಿಗೆ ಹಿಂಡಹೋದರು. ತಾಯಿ ಹೀರಾಬಾಯಿ ಗದರಿದರು.

"ಏನ ಸೈಂಟಿಸ್ಟಬಾಯಿ, ಅರಿವ್ಯಾಗ ಉಳದ ಜೀವಾ ಮೋರಿಗೆ ಚೆಲ್ಲತೀ? ತಂದ ಬಾವಿಗೇ ತಿರುಗಿ ಬಿಡಬೇಕಂತ ಸಣ್ಣಾಕಿ ಇದ್ದಾಗಿಂದ ಹೇಳೇನಲ್ಲ."

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಚಿತ್ರ ಚೆನ್ನಾಗಿ ಬರಲೆಂದು ತಾನು ಆರಿಸಿದ್ದು ಝಗಝಗಿಸುವ ಕೋಶಗಳನ್ನಷ್ಟೇ. ಮಸುಕಾದವನ್ನು ಕಣ್ಣಲ್ಲೇ ಸೋಸಿ ಚೆಲ್ಲಿದ್ದೆನಲ್ಲ! ಹೆಚ್ಚು ಹೊಳಪೆಂದರೆ ಹೆಚ್ಚು ಪ್ರೋಟೀನು. ಕೋಶ ತಾಳಲಾರದಷ್ಟು ತುಂಬಿದರೆ ಅದು ಸುಮ್ಮನೆ ಗಂಟುಗಟ್ಟಲೂಬಹುದು.

ಸೋಮವಾರ ಪ್ರಯೋಗಾಲಯದ ಮುಖ್ಯಸ್ಥ ಮಹಾಲಿಂಗಪ್ಪನವರು ಇದನ್ನು ಕೇಳಿ ಕನ್ನಡಕ ತೆಗೆದಿಟ್ಟರು.

"ಫೋಟೋದಾಗ ಗಂಟ ಕಾಣತೈತಿ, ಇನ್ನೇನ ಬೇಕ್ರಿ ಬಾಯಿ? ಪುಣೇದಾಗ ಯಾರೂ ಕೇಳಂಗಿಲ್ಲ ಬಿಡ್ರಿ."

"ನಾ ಕೇಳೇನಲ್ರಿ ಸರ್."

"ಗಂಟ ಸುಳ್ಳಾದ್ರ ಪೇಪರೂ ಹೋಗತೈತಿ, ಹೆಸರೂ ಹೋಗತೈತಿ."

"ಹೋಗ್ಲಿರಿ. ತಿರುಗಿ ಮಾಡ್ತೇನಿ."

ಪ್ರೋಟೀನಿನ ಒಟ್ಟು ಪ್ರಮಾಣವನ್ನೇ ಇಳಿಸಿ, ಅದರಲ್ಲೂ ಹೊಳೆಯುವುದು ಕಡಿಮೆ, ಹೊಳಪಿಲ್ಲದ್ದು ಹೆಚ್ಚು ಇರುವಂತೆ ಬೆರೆಸಿ, ಈ ಸಲ ಮಸುಕು ಕೋಶಗಳನ್ನೇ ಮೊದಲು ನೋಡಿದರು. ನಡುವೆ ಗಂಟುಗಳಿರಲಿಲ್ಲ. ಅಂಚಿನುದ್ದಕ್ಕೂ ಸಣ್ಣ ಚುಕ್ಕೆಗಳು ಒಂದೊಂದಾಗಿ ಮೂಡುತ್ತಿದ್ದವು. ಮಹಾಲಿಂಗಪ್ಪನವರೂ ಬಗ್ಗಿ ನೋಡಿದರು.

"ಊರಿಗೆಲ್ಲಾ ಗೊತ್ತಿದ್ದದ್ದೇ ಬಂತಲ್ರಿ."

"ಹೌದ್ರಿ. ಈಗ ನಮಗೂ ಗೊತ್ತಾತು."

ಪ್ರಬಂಧ ಪುಣೆಗೆ ಹೋಗಲಿಲ್ಲ. ಹೊಸದನ್ನು ಕಂಡವರ ಹೆಸರನ್ನು ಜಗತ್ತು ನೆನಪಿಡುತ್ತದೆ. ಕಂಡೆನೆಂದುಕೊಂಡದ್ದನ್ನು ತಾವೇ ಅಳಿಸಿದವರನ್ನು ಎಲ್ಲೂ ಬರೆದಿಡುವುದಿಲ್ಲ. ಆದರೂ ಇಂಥವರು ಅಲ್ಲಲ್ಲಿ ಇದ್ದೇ ಇರುತ್ತಾರೆ. ಅವರಿಗೂ ಅಳು ಬರುತ್ತದೆ, ಬಾರದೇನಲ್ಲ. ಆದರೆ ನಾಳೆಯ ಪ್ರಯೋಗದ ಕೋಶಗಳಿಗೆ ಆಹಾರ ಹಾಕಿದ ಮೇಲೆಯೇ ಅವರು ಮನೆಯ ಬಸ್ಸು ಹಿಡಿಯುತ್ತಾರೆ.