ಮೇಷ್ಟ್ರಿಗೆ ನಮ್ಮ ಮಾತು ಬರುವುದಿಲ್ಲ

೧

ಎಲ್ಲಿಂದ ಶುರು ಮಾಡಲಿ? ಶಾಲೆಯ ಗೇಟಿನಿಂದ ಶುರು ಮಾಡಿದರೆ ಗಂಟೆ ಹೊಡೆಯುತ್ತದೆ, ಮಕ್ಕಳು ಹೋ ಎಂದು ಓಡಿಬರುತ್ತಾರೆ. ಇಂಥದ್ದನ್ನು ನೀವು ಬೇಕಾದಷ್ಟು ಓದಿದ್ದೀರಿ. 'ಭಾಷೆಯೆಂದರೆ...' ಎಂದು ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಹೋಗಲಿ, ಡ್ರೈವರಮ್ಮನಿಂದಲೇ ಶುರು ಮಾಡೋಣವೆಂದರೆ ಅವಳು ಆಗಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಮೊದಲು ಸೀಟಿನ ವಿಷಯ ಬರೀರಿ," ಅನ್ನುತ್ತಾಳೆ. "ಅದಿಲ್ದೆ ಯಾರಿಗೆ ಏನು ಅರ್ಥ ಆಗುತ್ತೆ?"

ಸರಿಯಮ್ಮ. ಇವಳು ಸಿಟಿ ಬಸ್ಸು ಓಡಿಸುತ್ತಾಳೆ. ಇವಳ ಊರಿನಲ್ಲಿ ಎರಡು ಭಾಷೆ. ಒಂದು ಮನೆಮಾತು. ಇನ್ನೊಂದು ಕಚೇರಿಮಾತು: ಕೋರ್ಟು, ದೊಡ್ಡಾಸ್ಪತ್ರೆ, ಡಿಪೋದ ಮೇಲಿನ ಮಹಡಿ, ಎಲ್ಲಾ ಕಡೆ ಅದೇ. ಹಿಂದೊಮ್ಮೆ ಅವಳ ಬಸ್ಸಿನ ಕನ್ನಡಿ ಯಾರದೋ ಕಾರಿಗೆ ತಾಗಿ ವಿಚಾರಣೆ ನಡೆಯಿತು. ಮೇಜಿನಾಚೆ ಇಬ್ಬರು ಸಾಹೇಬರು ಅವಳ ಮುಂದೆಯೇ ಅವಳ ಬಗ್ಗೆ ಕಚೇರಿಮಾತಿನಲ್ಲಿ ಮಾತಾಡಿಕೊಂಡರು. ನಡುವೆ ನಕ್ಕರು. ಇವಳೂ ಮರ್ಯಾದೆಗೆಂದು ನಕ್ಕಳು. ಹೊರಗೆ ಬಂದ ಮೇಲೆ ಗುಮಾಸ್ತ ಹೇಳಿದ, ಒಂದು ತಿಂಗಳು ಸಸ್ಪೆಂಡ್ ಅಂತ. ನನ್ನ ಸಸ್ಪೆನ್ಶನ್ನಿಗೆ ನಾನೇ ನಕ್ಕೆನಲ್ಲ ಎಂದು ಅವಳಿಗೆ ಇವತ್ತಿಗೂ ಮೈಯುರಿಯುತ್ತದೆ.

"ನನ್ನ ಮಗಳ ಮುಂದೆ ಯಾವನೂ ಹಾಗೆ ಮಾತಾಡಬಾರದು," ಎಂದು ಅವತ್ತೇ ತೀರ್ಮಾನ ಮಾಡಿದಳು.

ಆ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದು ಸೆಕ್ಷನ್ ಇದೆ. ಅಲ್ಲಿ ಲೆಕ್ಕದಿಂದ ಹಿಡಿದು ಬೈಗುಳದವರೆಗೆ ಎಲ್ಲವೂ ಕಚೇರಿಮಾತಿನಲ್ಲಿ. ಸರ್ಕಾರ ಇಟ್ಟ ಹೆಸರು ಭಾಷಾ ನಿಮಜ್ಜನ ಯೋಜನೆ. ಅಪ್ಪ ಅಮ್ಮಂದಿರು ಕರೆಯುವುದು ಮುಳುಗೋ ಕ್ಲಾಸು. ಸೀಟು ಸಿಗುವುದೆಂದರೆ ಹರಸಾಹಸ. ಡ್ರೈವರಮ್ಮ ರಜೆ ಸಿಕ್ಕಾಗಲೆಲ್ಲ ಹೋಗಿ ಅಧಿಕಾರಿಯ ಬಾಗಿಲಲ್ಲಿ ಕೂತಳು. ಕೊನೆಗೆ ಅವರಿಗೇ ಇವಳ ಮುಖ ನೋಡಿ ಸಾಕಾಗಿ ಸೀಟು ಕೊಟ್ಟರು.

ಮುಳುಗೋ ಕ್ಲಾಸಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಮೇಷ್ಟ್ರು ಮನೆಮಾತು ತಮಗೆ ಗೊತ್ತೇ ಇಲ್ಲದವರ ಹಾಗೆ ಇರಬೇಕು. ಮಗು 'ನೀರು ಬೇಕು' ಎಂದರೆ ಹುಬ್ಬು ಗಂಟಿಕ್ಕಬೇಕು, ಕಚೇರಿಮಾತಿನಲ್ಲಿ ಕೇಳುವವರೆಗೆ ಪಿಳಿಪಿಳಿ ನೋಡಬೇಕು. ಮಕ್ಕಳು ಇದನ್ನು ನಂಬುತ್ತಾರೆ. ಅಪ್ಪ ಅಮ್ಮಂದಿರು ಗುಟ್ಟು ಬಿಡಬಾರದು.

(ಗುಟ್ಟು ಎಂದಮೇಲೆ ಅದು ಬಿಟ್ಟುಹೋಗುತ್ತದೆ ಅಂತ ನಿಮಗೆ ಗೊತ್ತಾಯಿತು. ಗೊತ್ತಾಗಲಿ ಬಿಡಿ.)

೩

ಎರಡನೆಯ ಭಾಗ ಮಾತೃಭಾಷೆಯ ಬಗ್ಗೆ ಇತ್ತು. ನನಗೇ ಕಣ್ಣೀರು ಬರುವ ಹಾಗೆ ಬರೆದಿದ್ದೆ. ಡ್ರೈವರಮ್ಮ ಓದಿಸಿಕೊಂಡು ಕೇಳಿ, "ಇದನ್ನ ಯಾವುದಾದ್ರೂ ಸಭೇಲಿ ಓದಿ, ಶಾಲು ಹಾಕ್ತಾರೆ," ಎಂದಳು. ಹರಿದು ಹಾಕಿದೆ.

ಪೋಷಕರ ಸಭೆಯ ದಿನ ಅವಳು ಡ್ಯೂಟಿ ಬಟ್ಟೆಯಲ್ಲೇ ಹೋದಳು. ಮಕ್ಕಳ ಪುಟ್ಟ ಕುರ್ಚಿ, ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ. ಮೇಷ್ಟ್ರು ಕಾರಿಡಾರಿನ ಆಚೀಚೆ ನೋಡಿ ಬಾಗಿಲು ಹಾಕಿದರು, ಚಿಲಕವನ್ನೂ ಹಾಕಿದರು, ಆಮೇಲೆ ಮನೆಮಾತಿನಲ್ಲಿ ಶುರುಮಾಡಿದರು.

"ನೋಡೀಮ್ಮಾ, ನಿಮ್ಮ ಮಗಳಿಗೆ ಹೇಳಿದ್ದೆಲ್ಲ ಅರ್ಥ ಆಗುತ್ತೆ. ಪುಸ್ತಕ ತೆಗಿ ಅಂದ್ರೆ ತೆಗೀತಾಳೆ, ಬರಿ ಅಂದ್ರೆ ಬರೀತಾಳೆ. ಆದರೆ ತುಟಿ ಪಿಟಕ್ ಅನ್ನಲ್ಲ."

"ನಮ್ಮ ಚೂಟಿನಾ?" ಡ್ರೈವರಮ್ಮನಿಗೆ ನಗು ಬಂತು. "ಮನೇಲಿ ಅವಳ ಬಾಯಿ ಮುಚ್ಚಿಸೋಕೆ ಆಳು ಇಡಬೇಕು ಸಾರ್!"

"ಇಲ್ಲಿ ಒಂದು ಪದಾನೂ ಆಡಿಲ್ಲ. ವರ್ಷದ ಕೊನೇಲಿ ಹೊರಗಿನವರು ಬಂದು ಮಾತಾಡಿಸಿ ನೋಡ್ತಾರೆ. ಮಾತಾಡದೇ ಇರೋ ಮಕ್ಕಳನ್ನ ಎದುರುಗಡೆ ಮನೆಮಾತಿನ ಸೆಕ್ಷನ್‌ಗೆ ಹಾಕ್ತಾರೆ. ಒಂದ್ಸಲ ಆ ಕಡೆ ಹೋದ್ರೆ ವಾಪಸ್ ಬರೋ ಹಾಗಿಲ್ಲ."

ಇಲ್ಲಿ ಡ್ರೈವರಮ್ಮನ ಕಣ್ಣು ತುಂಬಿಬಂತು.

"ಬರಲಿಲ್ಲ," ಅನ್ನುತ್ತಾಳೆ.

"ಒಂಚೂರು?"

"ಡ್ಯೂಟಿ ಡ್ರೆಸ್ಸಲ್ಲಿ ನಾನು ಅಳಲ್ಲ. ಹೊಡೆದು ಹಾಕಿ ಅದನ್ನ."

ಹೊಡೆದು ಹಾಕಿದ್ದೇನೆ. (ಬಂದಿತ್ತು.)

೪

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದ, ಮೇಷ್ಟ್ರು ಏನಂದರು ಅಂತ. ಅವನು ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಕತ್ತಲ ಗೂಡಿನೊಳಗೆ ಒಬ್ಬನೇ ಇದ್ದು ಬಂದವನಿಗೆ ಮನೆಯಲ್ಲಿ ನಾಲ್ಕು ಮಾತು ಬೇಕು.

"ಏನು ಚೆನ್ನಾಗಿ ಮಾತಾಡ್ತಾರೆ ರೀ! ನಮ್ಮ ಮಾತು, ನಮಗಿಂತ ಚೆನ್ನಾಗಿ—"

ಗಂಡ ಮೇಜಿನ ಕೆಳಗೆ ಕಾಲು ತುಳಿದ. ತಡವಾಗಿತ್ತು. ಚೂಟಿಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು.

"ಮೇಷ್ಟ್ರಿಗೆ ನಮ್ಮ ಮಾತು ಬರುತ್ತಾ?"

ಹುಡುಗಿ ಎದ್ದು ಹೋಗಿ ಬಾಗಿಲ ಹಿಂದೆ ಸೇರಿಕೊಂಡಳು.

"ನಿನ್ನ ಬಾಯಿಗೊಂದು ಬ್ರೇಕ್ ಇಲ್ವಲ್ಲೇ," ಗಂಡ ತಲೆ ಚಚ್ಚಿಕೊಂಡ. "ನಾಳೆ ಇಡೀ ಕ್ಲಾಸಿಗೆ ಡಂಗುರ."

"ಅಯ್ಯೋ, ನಾನೇನು ಬೇಕು ಅಂತ ಅಂದ್ನಾ?"

(ಗೆಳೆಯನೊಬ್ಬ ಈ ಡ್ರಾಫ್ಟ್ ಓದಿ, ಮಗುವಿಗೆ ಮೋಸಹೋದ ದುಃಖ, ಅದನ್ನೇ ಬೆಳೆಸು ಎಂದ. ಎರಡು ಪುಟ ಬೆಳೆಸಿದೆ. ಬಾಗಿಲ ಹಿಂದಿನಿಂದ ಚೂಟಿ ಇಣುಕಿ, "ನನಗೆ ಬೇಜಾರೇ ಆಗಿಲ್ಲ," ಎಂದಳು. ಎರಡು ಪುಟ ದಂಡ.)

ಡ್ರೈವರಮ್ಮ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ತುಂಬ ಹೊತ್ತು ಪುಸಲಾಯಿಸಿದ ಮೇಲೆ ಒಳಗಿನಿಂದ ದನಿ ಬಂತು.

"ಹಾಗಾದ್ರೆ ಅವರಿಗೆ ಮರೆತುಹೋಗಿಲ್ವಾ?"

"ಏನು ಮರೆಯೋದು ಕಂದಾ?"

"ನಮ್ಮ ಮಾತು. ಆ ಮಾತು ಕಲಿತ್ರೆ ಈ ಮಾತು ಹೋಗ್ಬಿಡುತ್ತೆ, ಅದಕ್ಕೇ ಮೇಷ್ಟ್ರಿಗೆ ನೀರು ಅಂದ್ರೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ನಾನೂ ಕಲಿತ್ಬಿಟ್ರೆ ನೀನು ಹೇಳೋದು ನನಗೆ ಗೊತ್ತಾಗಲ್ವಲ್ಲ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಇಷ್ಟು ದಿನ ಈ ಮಗು ಒಬ್ಬಳೇ ಕೂತು, ಬಾಯಿ ಬಿಗಿಹಿಡಿದು, ಅಮ್ಮನ ಮಾತನ್ನು ಕಾಯುತ್ತಿತ್ತು. ಡ್ರೈವರಮ್ಮನೋ, ಸೀಟು ಸಿಕ್ಕಿತೆಂದು ಡಿಪೋ ತುಂಬ ಹೇಳಿಕೊಂಡು ತಿರುಗಿದ್ದಳು. ಈ ಸಲ ಅವಳು ಡ್ಯೂಟಿ ಬಟ್ಟೆಯಲ್ಲಿರಲಿಲ್ಲ.

೫

ಬೆಳಿಗ್ಗೆ ಹೆಡ್‌ಮೇಡಂ ಕೋಣೆ. ಗುಟ್ಟು ಬಿಟ್ಟದ್ದನ್ನು ಡ್ರೈವರಮ್ಮ ತಾನೇ ಬಂದು ಒಪ್ಪಿಕೊಂಡಿದ್ದಳು. ಮೇಷ್ಟ್ರು ಕಿಟಕಿಯ ಹತ್ತಿರ ನಿಂತಿದ್ದರು.

"ನಿಯಮ ಮುರಿದಿದ್ದೀರಿ," ಎಂದರು ಹೆಡ್‌ಮೇಡಂ. "ಮಗು ಬಾಯಿಬಿಟ್ಟರೆ ಕ್ಲಾಸೇ ಕೆಡುತ್ತೆ. ಇವತ್ತೇ ಎದುರು ಸೆಕ್ಷನ್‌ಗೆ ಕಳಿಸೋ ಅಧಿಕಾರ ನನಗಿದೆ."

"ಕಳಿಸಿ. ಆದ್ರೆ ಮೊದಲು ನಾನು ಹೇಳೋದು ಪೂರ್ತಿ ಕೇಳಿ." ಡ್ರೈವರಮ್ಮ ಕುರ್ಚಿ ಎಳೆದುಕೊಂಡು ಕೂತಳು, ಯಾರೂ ಕೂರು ಎನ್ನದೆ. ಮಗಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

ಹೆಡ್‌ಮೇಡಂ ಕನ್ನಡಕ ತೆಗೆದರು. "ಇಷ್ಟು ವರ್ಷದಲ್ಲಿ ಯಾವ ಮಗೂನೂ ಹೀಗಂದಿಲ್ಲ."

"ಯಾರ ಹತ್ರ ಅನ್ನಬೇಕು ಮೇಡಂ? ಕೇಳೋರಿಗೆ ಅವರ ಮಾತೇ ಬರಲ್ವಲ್ಲ."

ಹೆಡ್‌ಮೇಡಂ ಕನ್ನಡಕ ಒರೆಸತೊಡಗಿದರು. ಆಮೇಲೆ ಡ್ರೈವರಮ್ಮನೇ ಹೇಳಿದಳು: "ಮೊದಲ ದಿನಾನೇ ಮೇಷ್ಟ್ರು ಹೇಳಿಬಿಡಲಿ. ನನಗೆ ಎರಡೂ ಬರುತ್ತೆ, ಈ ರೂಮಲ್ಲಿ ಮಾತ್ರ ಇದು ಅಂತ. ಆಟದ ರೂಲ್ಸು ಮಕ್ಕಳು ನಮಗಿಂತ ಚೆನ್ನಾಗಿ ಪಾಲಿಸ್ತಾರೆ."

"ಮೇಲಿನವರು ಒಪ್ಪಲ್ಲಮ್ಮ."

"ಮೇಲಿನವರ ವಿಳಾಸ ಕೊಡಿ. ಬಾಗಿಲಲ್ಲಿ ಕೂತು ನನಗೆ ಅಭ್ಯಾಸ ಇದೆ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡೇ, "ಮಗು ನನ್ನ ಕ್ಲಾಸಲ್ಲೇ ಇರಲಿ ಮೇಡಂ. ಇವತ್ತು ನಾನೇ ಹೇಳ್ತೀನಿ," ಎಂದರು. ಹೆಡ್‌ಮೇಡಂ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಈಗ ಮುಗಿಸಬೇಕು. ಮುಕ್ತಾಯ ಒಂದು: ಹೊರಗಿನವರು ಬರುತ್ತಾರೆ, ಚೂಟಿ ಕಚೇರಿಮಾತಿನಲ್ಲಿ ಭಾಷಣ ಬಿಗಿಯುತ್ತಾಳೆ, ಚಪ್ಪಾಳೆ. "ಥೂ," ಅಂದಳು ಡ್ರೈವರಮ್ಮ. ಮುಕ್ತಾಯ ಎರಡು: ಮಗಳು ಎದುರು ಸೆಕ್ಷನ್‌ಗೆ ಹೋಗುತ್ತಾಳೆ, ಅಲ್ಲೇ ಸುಖವಾಗಿರುತ್ತಾಳೆ. "ನಾನಿರೋವರೆಗೂ ಇಲ್ಲ." ಮುಕ್ತಾಯ ಮೂರು ತತ್ವಜ್ಞಾನದ್ದು, ಅದನ್ನು ನಾನೇ ನುಂಗಿಕೊಂಡೆ. ಆ ಹೊರಗಿನವರು ಬರುವುದಕ್ಕೆ ಇನ್ನೂ ದಿನ ಇದೆ, ಆಗದ ಪರೀಕ್ಷೆಯ ಫಲಿತಾಂಶ ನಾನು ಹೇಗೆ ಹೇಳಲಿ?

ಆದದ್ದು ಇಷ್ಟು. ಒಂದು ಸಂಜೆ ಚೂಟಿ ಓಡಿಬಂದಳು, ಚಪ್ಪಲಿಯನ್ನೂ ಬಿಡದೆ.

"ಅಮ್ಮಾ, ಇವತ್ತು ನಾನು ಹೇಳ್ದೆ! ಕೈ ಎತ್ತಿ ಹೇಳ್ದೆ! ಮೇಷ್ಟ್ರು ಪಾಠಾನೇ ನಿಲ್ಲಿಸ್ಬಿಟ್ರು!"

"ನನ್ನ ಬಂಗಾರ! ಏನು ಹೇಳಿದೆ?"

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ನಮ್ಮ ಮಾತಲ್ಲಿ ಹೇಳಿದ್ರೆ ಅದು ಅದಾಗಲ್ಲಮ್ಮ."

ಡ್ರೈವರಮ್ಮ ಬೇಡಿ, ಜಗಳವಾಡಿ, ಬಾಗಿಲು ಕಾದು ತಂದದ್ದು ಇದನ್ನೇ. ಆದರೂ ಮಗಳೊಳಗೆ ತಾನು ಹೋಗಲಾರದ ಒಂದು ಕೋಣೆ ಆಯಿತಲ್ಲ ಎಂದು ಅವಳಿಗೆ ಸಂಕಟವಾಯಿತು, ನಿಜವಾಗಿ ಸಂಕಟವಾಯಿತು. ಒಲೆ ಆರಿಸಿದಳು. ಕೈ ಒರೆಸಿಕೊಂಡು ಮಗಳ ಎದುರು ಕೂತಳು.

"ಹಾಗಾದ್ರೆ ಆ ಮಾತಲ್ಲೇ ಹೇಳು. ನಿಧಾನಕ್ಕೆ."

ಚೂಟಿ ಹೇಳಿದಳು. ಅವಳು ಹೇಳಿದ ಹಾಗೇ ಇವಳೂ ಹೇಳಿದಳು. ಚೂಟಿ ಬಿದ್ದುಬಿದ್ದು ನಕ್ಕಳು.

"ಹಾಗಲ್ಲಮ್ಮಾ! ನನ್ನ ಬಾಯಿ ನೋಡು."

ಅದೇನೆಂದು ನನ್ನನ್ನು ಕೇಳಬೇಡಿ. ಕಥೆ ಬರೆಯಲು ಕೂತ ನನಗೂ ಆ ಮಾತು ಬರುವುದಿಲ್ಲ. ಇಲ್ಲಿಗೆ ನಿಲ್ಲಿಸೋಣ ಎಂದು ಪೆನ್ನಿನ ಕ್ಯಾಪು ಹುಡುಕುತ್ತಿದ್ದೆ. ಡ್ರೈವರಮ್ಮ ಮಗಳ ತುಟಿಯಿಂದ ಕಣ್ಣು ತೆಗೆಯದೆಯೇ ನನ್ನ ಕಡೆ ಕೈ ಅಡ್ಡ ಹಿಡಿದಳು.

"ತಡೀರಿ, ಏನವಸರ? ನನಗಿನ್ನೂ ಬಂದಿಲ್ಲ."