ಮೂರು ದಿನಕ್ಕೊಂದು ಫೋಟೋ

ಬಿಳಿಗೆರೆಯ ನಮ್ಮ ಮನೆಯಲ್ಲಿ ಬೆಳಗಿನ ಹಾಲು ಡೈರಿಗೆ ಹೋದ ಮೇಲೆ ನಾನು ನೆಲ ಒರೆಸುತ್ತೇನೆ. ಆವತ್ತು ಒರೆಸಿ ತಿರುಗಿ ನೋಡಿದರೆ ಆರಿದ ನೆಲದ ಮೇಲೆ ಮತ್ತೆ ಒದ್ದೆ ಗುರುತು. ಅಡುಗೆಮನೆಯಿಂದ ಹಿತ್ತಲ ಬಾಗಿಲವರೆಗೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ಕಾಸಿನಗಲ. ಆ ಗುರುತು ಹಿಡಿದು ಹೋದಾಗ ಅತ್ತೆ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಲಗಾಲು ಎತ್ತಿ ನೋಡಿದೆ. ಕಿರುಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ, ಬೊಬ್ಬೆ ಒಡೆದು ಹಸಿಯಾಗಿತ್ತು.

ಸೋಮವಾರ ನಂಜನಗೂಡಿನ ದೇವಸ್ಥಾನಕ್ಕೆ ಹೋದವರು ನಡು ಮಧ್ಯಾಹ್ನದಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ್ದರು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ನೋವೂ ತಿಳಿಯುವುದಿಲ್ಲ.

"ಸುಟ್ಟಿದ್ದು ಗೊತ್ತಾಗ್ಲಿಲ್ವಾ ಅತ್ತೆ?"

"ಗೊತ್ತಾಗಿದ್ರೆ ನಿಂಗೆ ಏಳ್ತಿರ್ಲಿಲ್ವಾ?" ಅಂದರು, ಸೊಪ್ಪಿನಿಂದ ಕಣ್ಣೆತ್ತದೆ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಗಾಯದ ಪಕ್ಕ ಅಂಕಿ ಇದ್ದ ಕಾಗದದ ಪಟ್ಟಿ ಅಂಟಿಸಿ ಅಳೆದರು. ಎರಡು ಪಾಯಿಂಟ್ ಎಂಟು ಸೆಂಟಿಮೀಟರ್. ದಿನಾ ತೊಳೆದು ಕಟ್ಟುವುದನ್ನು ನರ್ಸ್ ಹೇಮಲತಾ ನನಗೆ ಕಲಿಸಿದರು. ಬಿಳಿಗೆರೆಯಿಂದ ಎರಡು ಬಸ್ಸು ಹತ್ತಿ ಈ ಕಾಲಿನಲ್ಲಿ ಪದೇಪದೇ ಬರುವುದು ಬೇಡ, ಮೂರು ದಿನಕ್ಕೊಂದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ ಅಂದರು.

"ಪಕ್ಕದಲ್ಲಿ ಒಂದು ಸ್ಕೇಲ್ ಇರ್ಬೇಕು. ಬರೀ ಗಾಯದ ಫೋಟೋ ಕಳ್ಸಿದ್ರೆ ಸಾಸಿವೆ ಕಾಳಷ್ಟೋ ತಟ್ಟೆಯಷ್ಟೋ ನಮಗೆ ತಿಳಿಯಲ್ಲ. ಕಿರಿದಾಗ್ತಾ ಬಂದ್ರೆ ಮನೇಲೇ ವಾಸಿ ಮಾಡ್ಕೊಳ್ಳಿ. ಅಗಲ ಆಯ್ತು ಅಂದ್ರೆ ಆವತ್ತೇ ಹೊರಟು ಬನ್ನಿ. ತಡ ಆದ್ರೆ ಬೆರಳಲ್ಲ, ಪಾದಾನೇ ತೆಗೀಬೇಕಾಗುತ್ತೆ."

ಇದನ್ನು ಅತ್ತೆಯೂ ಕೇಳಿಸಿಕೊಂಡರು. ಬಸ್ಸು ನಂಜನಗೂಡಿಗೆ ಬರುವಷ್ಟರಲ್ಲಿ ಅವರಿಗೆ ಕೊಟ್ಟಿಗೆಯ ಎರಡು ಹಸುಗಳ ಚಿಂತೆ ಹತ್ತಿತ್ತು. "ಪಾದ ಓದ್ರೆ ಅಸ ಯಾರು ಕರೀತಾರೆ?" ಅಂದರು.

ಮೊದಲ ಫೋಟೋಗೆ ಮಗಳು ಮೇಘನಾ ತನ್ನ ಜಾಮಿಟ್ರಿ ಬಾಕ್ಸಿನ ಸ್ಕೇಲು ತಂದಳು. ಎಂಟನೇ ಕ್ಲಾಸು ಅವಳು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿಸಿ, ಅಂಗಾಲು ಕಿಟಕಿಯ ಬೆಳಕಿಗೆ ಬರುವ ಹಾಗೆ ಮಾಡಿದೆವು. ಮೇಘನಾ ಸ್ಕೇಲನ್ನು ಗಾಯದ ಹತ್ತಿರ ತರುತ್ತಿದ್ದ ಹಾಗೆ ಅತ್ತೆ ಕಾಲನ್ನು ಸರಕ್ಕನೆ ಎಳೆದುಕೊಂಡರು.

"ಏ ಕೂಸು, ಓದೋ ಸಾಮಾನ ನನ್ನ ಕಾಲ್ಗೆ ತಾಗುಸ್ತೀಯಾ? ಅದೂ ಅಂಗಾಲ್ಗೆ?"

"ಡಾಕ್ಟ್ರು ಹೇಳವ್ರೆ ಅಜ್ಜಿ."

"ಡಾಕ್ಟ್ರಿಗೇನು, ಅವ್ರು ಓದಿ ಮುಗುಸವ್ರೆ. ನೀನಿನ್ನೂ ಪಾಸಾಗ್ಬೇಕು."

ಮೇಘನಾ ನಕ್ಕಳು. ನನಗೂ ಅದು ತಪ್ಪೆನಿಸಲಿಲ್ಲ. ನಾನೂ ಹಾಗೆಯೇ ಬೆಳೆದವಳು. ಮೂಗೂರಿನ ನನ್ನ ತವರಿನಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಅದಲ್ಲದೆ ಒಲೆಯ ಮೇಲೆ ಹಾಲಿತ್ತು, ಗಂಡ ಕಾಂತರಾಜು ತಾಂಡ್ಯದ ಫ್ಯಾಕ್ಟರಿಗೆ ಹೊರಡುವ ಹೊತ್ತಾಗಿತ್ತು, ಡಬ್ಬಿ ಕಟ್ಟಬೇಕಿತ್ತು. "ಆಯ್ತು ಅತ್ತೆ, ತಾಗ್ಸಲ್ಲ," ಅಂದೆ. ಸ್ಕೇಲನ್ನು ಅಂಗಾಲಿನಿಂದ ಮೂರು ಬೆರಳು ಮುಂದಕ್ಕೆ ಗಾಳಿಯಲ್ಲಿ ಹಿಡಿದೆ. ಮೇಘನಾ ಫೋಟೋ ತೆಗೆದಳು. ಗಾಯವೂ ಬಂದಿತ್ತು, ಸ್ಕೇಲೂ ಬಂದಿತ್ತು.

ಹೇಮಲತಾ ಬರೆದರು: ಎರಡು ಪಾಯಿಂಟ್ ಎರಡು. ಚೆನ್ನಾಗಿದೆ ಅಕ್ಕ, ಹೀಗೇ ಮುಂದುವರಿಸಿ.

ಅಲ್ಲಿಂದ ಅದೇ ರೂಢಿಯಾಯಿತು. ಎರಡನೇ ಫೋಟೋ ಮಸುಕಾಗಿದೆ ಅಂದಿದ್ದಕ್ಕೆ ಮೇಘನಾ ಫೋನನ್ನು ಹತ್ತಿರ ಒಯ್ದಳು. ಮೂರನೆಯದಕ್ಕೆ ಇನ್ನೂ ಹತ್ತಿರ. ನನ್ನ ಕೈ ತಾಗೀತೆಂಬ ಭಯಕ್ಕೆ ಸ್ಕೇಲು ಇನ್ನೊಂದು ಬೆರಳು ಆಚೆ ಹೋಯಿತು. ಎರಡು ಪಾಯಿಂಟ್ ಒಂದು. ಎರಡು. ಒಂದು ಪಾಯಿಂಟ್ ಒಂಬತ್ತು. ಒಂದು ಪಾಯಿಂಟ್ ಎಂಟು. ಪ್ರತಿ ಸಲ ಉತ್ತರ ಬಂದಾಗ ನಾನು ಅತ್ತೆಗೆ ಓದಿ ಹೇಳುತ್ತಿದ್ದೆ. ಅವರು ಕೊಟ್ಟಿಗೆಯ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಕಾಂತರಾಜು ಕೂಡ ಶಿಫ್ಟು ಮುಗಿಸಿ ಬಂದವರೇ "ಇವತ್ತು ಎಷ್ಟಂತೆ?" ಅಂತ ಕೇಳಿ, ಕೇಳಿದ ಮೇಲೆ ಉಣ್ಣಲು ಕೂರುತ್ತಿದ್ದರು.

ದಿನಾ ತೊಳೆಯುವ ನನ್ನ ಕಣ್ಣಿಗೆ ಮಾತ್ರ ಅದು ಕಿರಿದಾದ ಹಾಗೆ ಕಾಣುತ್ತಿರಲಿಲ್ಲ. ಬಟ್ಟೆ ಬಿಚ್ಚಿದಾಗ ಒಂದು ವಾಸನೆ. ಮೊದಲು ಒಂದು ಮಡಿಕೆ ಸಾಕಾಗುತ್ತಿದ್ದ, ಗಾಯಕ್ಕಿಡುವ ಗಾಜ್ ಬಟ್ಟೆ ಈಗ ಅದರ ಅಂಚು ಮುಟ್ಟುತ್ತಿರಲಿಲ್ಲ. ಆದರೆ ಆಗ ಹಸುಗಳೆರಡೂ ನನ್ನ ಪಾಲಿಗೆ ಬಿದ್ದಿದ್ದವು, ಮೇಘನಾಳ ಪರೀಕ್ಷೆ ಬಂದಿತ್ತು, ಎಷ್ಟು ದಣಿವಿತ್ತೆಂದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ದಿನ ಬೆಳಗಾದರೆ ನೋಡುವುದು ದೊಡ್ಡದಾಗೇ ಕಾಣುತ್ತದೆ ಅಂದುಕೊಂಡೆ. ಅಂಕಿಯ ಎದುರು ನನ್ನದೇನು ಅಂದುಕೊಂಡೆ.

ಆರನೇ ಫೋಟೋದ ದಿನ ಮೇಘನಾಳಿಗೆ ಗಣಿತದ ಪರೀಕ್ಷೆ. ಬಾಕ್ಸು ಅವಳ ಜೊತೆ ಸ್ಕೂಲಿಗೆ ಹೋಗಿತ್ತು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದಕ್ಕೆ ಏನು ಹಿಡಿಯಲಿ ಎಂದು ಹುಡುಕಿದೆ. ಡಬ್ಬಿಯಲ್ಲಿ ಐದು ರೂಪಾಯಿಯ ಕಾಸಿತ್ತು.

"ಅದು ಲಕ್ಷ್ಮಿ ಕಣವ್ವಾ," ಅಂದರು ಅತ್ತೆ.

ಒಲೆಯ ಹತ್ತಿರದ ಬೆಂಕಿಪೊಟ್ಟಣ ತಂದೆ. "ಇದಕ್ಕೆ ಯಾರೂ ಇಲ್ವಾ ಅತ್ತೆ?"

"ಅದ್ಕೂ ಇದ್ದಿದ್ರೆ ಬೀಡಿ ಸೇದೋರೆಲ್ಲ ನರಕಕ್ಕೇ ಓಗ್ಬೇಕಾಗಿತ್ತು. ಮಡಗು."

ಹಿಡಿಯಲು ಮೂರನೇ ಕೈ ಇರಲಿಲ್ಲ. ಬೆಂಕಿಪೊಟ್ಟಣವನ್ನು ಗಾಯದ ಪಕ್ಕಕ್ಕೇ ಪ್ಲಾಸ್ಟರಿನಿಂದ ಅಂಟಿಸಿ ಫೋಟೋ ತೆಗೆದು ಕಳಿಸಿದೆ. ನುಚ್ಚು ನೆನೆಹಾಕಲು ಎದ್ದಿದ್ದೆ, ಫೋನು ಬಂತು. ಹೇಮಲತಾ.

"ಅಕ್ಕ, ಇದು ಅದೇ ಗಾಯಾನಾ?"

"ಹೂಂ. ಇನ್ನೊಂದೆಲ್ಲಿಂದ ಬತ್ತದೆ?"

"ನಾನೀಗ ನಮ್ಮ ಕ್ಯಾಂಟೀನಿಂದ ಒಂದು ಬೆಂಕಿಪೊಟ್ಟಣ ತರಿಸಿ ಅಳೆದೆ. ಅಡ್ಡಗಲ ಮೂರೂವರೆ. ನಿಮ್ಮ ಗಾಯ ಹೆಚ್ಚುಕಮ್ಮಿ ಅಷ್ಟೇ ಇದೆ. ಮೊನ್ನೆ ಒಂದು ಪಾಯಿಂಟ್ ಎಂಟು ಇತ್ತಲ್ಲ?"

ನಾನು ಬಾಗಿ ಬೆಂಕಿಪೊಟ್ಟಣವನ್ನೂ ಗಾಯವನ್ನೂ ಮತ್ತೆ ನೋಡಿದೆ.

"ಅಕ್ಕ, ಸ್ಕೇಲನ್ನ ಎಲ್ಲಿ ಇಡ್ತಿದ್ರಿ?"

"ಇಡ್ತಿರ್ಲಿಲ್ಲ," ಅಂದೆ. "ಹಿಡೀತಿದ್ವಿ."

"ಈಗಲೇ ಹೊರಡಿ," ಅಂದರು.

ಪಕ್ಕದ ಮನೆಯ ಮಂಚಮ್ಮನಿಗೆ ಹಸು ನೋಡಿಕೊಳ್ಳಲು ಹೇಳಿ ಆಟೋ ಮಾಡಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮ ಹಳೆಯ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದರು. ನನ್ನನ್ನು ಕರೆದು ಬೆರಳಿಟ್ಟು ತೋರಿಸಿದರು. ಸ್ಕೇಲಿನ ನೆರಳು ಅಂಗಾಲಿನ ಮೇಲೆ ಬಿದ್ದಿತ್ತು. ನೆರಳಿಗೂ ಸ್ಕೇಲಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ. ಪ್ರತಿ ಫೋಟೋದಲ್ಲೂ ಆ ಜಾಗ ಅಗಲವಾಗುತ್ತ ಬಂದಿತ್ತು.

"ಇದನ್ನ ನಾವೂ ನೋಡ್ಬೇಕಿತ್ತು," ಅಂದರು ಅವರು. "ಕ್ಯಾಮೆರಾಕ್ಕೆ ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತೆ. ಸ್ಕೇಲು ದೊಡ್ಡದಾದಷ್ಟೂ ಹಿಂದಿನ ಗಾಯ ಚಿಕ್ಕದಾಗುತ್ತೆ."

ನನಗೆ ತಟ್ಟನೆ ತಿಳಿಯಿತು. ನಂಜನಗೂಡಿನ ದೇವಸ್ಥಾನದ ಮುಂದೆ ಮೇಘನಾ ತೆಗೆಸಿಕೊಂಡ ಒಂದು ಫೋಟೋ ನನ್ನ ಫೋನಿನಲ್ಲೇ ಇದೆ. ಎರಡು ಬೆರಳಲ್ಲಿ ಗೋಪುರವನ್ನು ಉಪ್ಪಿನ ಹರಳಿನಂತೆ ಹಿಡಿದು ನಿಂತಿದ್ದಾಳೆ. ಎಷ್ಟು ಜನಕ್ಕೆ ತೋರಿಸಿ ನಕ್ಕಿದ್ದೇನೆ. ಅದೇ ಆಟವನ್ನು ಎರಡು ವಾರ ಅತ್ತೆಯ ಕಾಲಿನ ಮೇಲೆ ಆಡಿದ್ದೆ.

ಎಕ್ಸ್‌ರೇಯಲ್ಲಿ ಕಿರುಬೆರಳಿನ ಮೂಳೆಗೆ ಸೋಂಕು ತಾಗಿದ್ದು ಕಾಣಿಸಿತು. ಬೆರಳು ತೆಗೆಯಬೇಕು, ಪಾದ ಉಳಿಸುತ್ತೇವೆ, ಇನ್ನೊಂದು ವಾರ ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಅಂದರು.

ಕಾಂತರಾಜು ಫ್ಯಾಕ್ಟರಿಯಿಂದ ಫೋನು ಮಾಡಿದಾಗ ನಾನು ವಾರ್ಡಿನಲ್ಲಿ ಅತ್ತೆಯ ಮಂಚದ ಪಕ್ಕ ನಿಂತಿದ್ದೆ.

"ಕಮ್ಮಿ ಆಯ್ತಾ ಇತ್ತಲ್ಲ? ಎಂಗಾಯ್ತಿದು?"

"ನಾನೇ ಸ್ಕೇಲ್ ಸರಿಯಾಗಿ ಹಿಡೀಲಿಲ್ಲ ಕಣ್ರೀ."

ಅವರು ಬೈಯಲಿಲ್ಲ. "ಸರಿ, ಬತ್ತೀನಿ," ಅಂದು ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಅತ್ತೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಕೇಳಿಸಿಕೊಂಡಿಲ್ಲ ಅಂದುಕೊಂಡಿದ್ದೆ.

"ಯಾಕೆ ಸುಳ್ಳೇಳ್ತೀಯೆ ಸುನೀತಾ? ತಾಗುಸ್ಬ್ಯಾಡ ಅಂದೋಳು ನಾನು."

"ಆಯ್ತು ಅಂದೋಳು ನಾನಲ್ವಾ ಅತ್ತೆ."

"ಊಂ." ನನ್ನ ಕಡೆಗೆ ಹೊರಳಿ, "ಇಬ್ರೂ ಸೇರ್ಕಂಡು ಒಂದು ಬೆರಳು ತಿಂದ್ಬುಟ್ವಿ ಬುಡು," ಅಂದರು. ನಾನು ಅವರ ಹೊದಿಕೆ ಸರಿಮಾಡಿದೆ.

ಬೆರಳು ತೆಗೆಸಿಕೊಂಡು ಊರಿಗೆ ಬಂದು ಎಂಟು ದಿನವಾದ ಮೇಲೆ ಮತ್ತೆ ಫೋಟೋ ಕಳಿಸಬೇಕಾಯಿತು. ಅದೇ ಕುರ್ಚಿ, ಅದೇ ಸ್ಟೂಲು. ಸ್ಕೇಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮೇಘನಾಳ ಕೈಗೆ ಕೊಟ್ಟು, ಈ ಸಲ ಫೋನು ನಾನು ಹಿಡಿದೆ. ಅವಳು ಸ್ಕೇಲನ್ನು ಪಾದದ ಹತ್ತಿರ ತಂದು, ನಮ್ಮ ರೂಢಿಯ ದೂರದಲ್ಲೇ ನಿಲ್ಲಿಸಿ, ಅಜ್ಜಿಯ ಮುಖ ನೋಡಿದಳು. ಹೇಳಬೇಕಾದವರು ಅತ್ತೆ.

ಅವರು ಎರಡೂ ಕೈಯಲ್ಲಿ ಕುರ್ಚಿಯ ಕೈ ಹಿಡಿದು ಕೂತಿದ್ದರು. ಪಾದಕ್ಕೆ ನೋವಿಲ್ಲ ಅಂತ ನನಗೆ ಗೊತ್ತು. ಆದರೂ ಕಣ್ಣು ಮುಚ್ಚಿಕೊಂಡರು.

"ಆನ್ಸವ್ವ," ಅಂದರು. "ಇನ್ನೂ. ಪೂರ್ತಿ ಆನ್ಸು."

ಮೇಘನಾ ಆನಿಸಿದಳು. ನಾನು ತೆಗೆದೆ. ನೆರಳು ಎಲ್ಲೂ ಕಾಣಲಿಲ್ಲ.

"ಕೊಡಿಲ್ಲಿ," ಅಂತ ಅತ್ತೆ ಕೈ ಚಾಚಿದರು. ನಾನು ಸ್ಕೇಲನ್ನು ಮತ್ತೊಮ್ಮೆ ಒರೆಸಿ ಕೊಟ್ಟೆ. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಸ್ವಲ್ಪ ಹೆಚ್ಚು ಹೊತ್ತೇ ಒತ್ತಿಕೊಂಡಿದ್ದರು. ಆಮೇಲೆ ಮೊಮ್ಮಗಳ ಕೈಗಿಟ್ಟು, "ಎಷ್ಟೈತೆ, ನೀನೇ ನೋಡೇಳು," ಅಂದರು.

ಮೇಘನಾ ಫೋನು ತೆಗೆದುಕೊಂಡು ಗೆರೆಗಳನ್ನು ಎಣಿಸಿದಳು. ಆಪರೇಷನ್ನಿನ ಗಾಯ ಸೇರಿ ನಾಲ್ಕು ಪಾಯಿಂಟ್ ಎರಡು. ನಮಗೆ ಇಷ್ಟು ದಿನ ಬಂದ ಯಾವ ಅಂಕಿಯೂ ಇಷ್ಟು ದೊಡ್ಡದಿರಲಿಲ್ಲ. ಹೇಳಲೋ ಬೇಡವೋ ಎಂದು ಅವಳು ನನ್ನ ಕಡೆ ನೋಡಿದಳು.

"ಇದ್ದಿದ್ದನ್ನ ಹೇಳು," ಅಂದೆ.

ಹೇಳಿದಳು. ಅತ್ತೆ ಕಾಲನ್ನು ಸ್ಟೂಲಿನಿಂದ ಇಳಿಸದೆ, "ಕಳ್ಸು ಮತ್ತೆ," ಅಂದರು.